ರಕ್ಷಣೆ ಬೇಡವೆಂದ ಹೆಂಗಸರು

ಹೊಸದಾಗಿ ಅಗ್ನಿಶಾಮಕ ದಳಕ್ಕೆ ಸೇರಿದ ಇಬ್ಬರು ಮೊನ್ನೆ ಕೋಟೇಶ್ವರದ ನಮ್ಮ ಮನೆಗೆ ಬಂದಿದ್ದರು. ಒಬ್ಬ ಕೂತ ಕೂಡಲೇ ನನ್ನ ಜೊತೆ ಸೆಲ್ಫಿ ತೆಗೆದುಕೊಂಡ. ಇನ್ನೊಬ್ಬ, ನಿಮ್ಮ ಸರ್ವಿಸಿನಲ್ಲಿ ನೀವು ಆರಿಸಿದ ಅತಿ ದೊಡ್ಡ ಬೆಂಕಿ ಯಾವುದು ಎಂದು ಕೇಳಿದ. ಅವರಿಗೆ ಬೇಸರವಾಗುತ್ತದೆಂದು ಗೊತ್ತಿದ್ದೂ ನಿಜ ಹೇಳಿದೆ. ಈ ಕರಾವಳಿಯಲ್ಲಿ ನಮ್ಮದು ಹೆಸರಿಗೆ ಬೆಂಕಿಯ ಇಲಾಖೆ, ಕೆಲಸವೆಲ್ಲ ನೀರಿನದು. ಬೇಸಿಗೆಯಲ್ಲಿ ಹುಲ್ಲುಗುಡ್ಡೆಗೆ ಬೆಂಕಿ ಬಿದ್ದರೆ ನಾವು ತಲುಪುವ ಹೊತ್ತಿಗೆ ಅದು ತಾನಾಗಿಯೇ ಆರಿರುತ್ತದೆ. ಉಳಿದ ದಿನಗಳಲ್ಲಿ ಬಾವಿ, ಹೊಳೆ, ಕಡಲು. ಅವರ ಮುಖ ಸಪ್ಪಗಾಯಿತು. ರೀಲ್ಸ್ ನೋಡಿ ಸೇರಿದವರಿಗೆ ಹಾಗೆಯೇ ಆಗಬೇಕು.

ನಾನು ಸೇರಿದ ಕಾಲದಲ್ಲಿ ನಮ್ಮನ್ನು ಕರೆಯುತ್ತಿದ್ದವರು ಕೆಲಸ ಮಾಡುವಾಗ ಪೆಟ್ಟು ತಿಂದವರು. ತೆಂಗಿನ ಮರದ ತುದಿಯಲ್ಲಿ ತಲೆ ತಿರುಗಿ ಕೂತವನು, ಬಾವಿಗೆ ಬಿದ್ದ ದನದ ಯಜಮಾನ, ಮರಳು ತೆಗೆಯಲು ಮುಳುಗಿ ಮೇಲೆ ಬಾರದವನ ಅಣ್ಣ. ಅವರು ಕರೆದಾಗ ಓಡಿ ಹೋಗಲು ಮನಸ್ಸು ಬರುತ್ತಿತ್ತು. ಈಗ ಕರೆಯುವವರು ರಜೆಯಲ್ಲಿ ಬಂದವರು. ಕೈಯಲ್ಲಿ ಮೊಬೈಲು, ಮೈಮೇಲೆ ನಾಲ್ಕು ಕಿಸೆಗೆ ನಾಲ್ಕು ಜಿಪ್ಪು ಇರುವ ಚಡ್ಡಿ, ತಲೆಗೆ ಕಟ್ಟಿದ ಕ್ಯಾಮೆರಾ. ಅಂಗಡಿಯಲ್ಲಿ ಸಾಹಸ ಸಿಗುತ್ತದೆ, ಬುದ್ಧಿ ಸಿಗುವುದಿಲ್ಲ. ಅದನ್ನು ಒದಗಿಸಲು ಸರಕಾರ ನಮ್ಮನ್ನು ಸಂಬಳ ಕೊಟ್ಟು ಇಟ್ಟಿದೆ ಎಂದು ಅವರ ನಂಬಿಕೆ.

ಒಮ್ಮೆ ಬಸ್ರೂರಿನ ಕಡೆಯ ಹೊಳೆಯಲ್ಲಿ ನಾಲ್ವರು ಕಯಾಕ್ ತೆಗೆದುಕೊಂಡು ಹೋಗಿ ಸಿಕ್ಕಿಬಿದ್ದಿದ್ದರು. ಕಯಾಕ್ ಎಂದರೆ ಪ್ಲಾಸ್ಟಿಕ್ಕಿನ ಚಿಕ್ಕ ದೋಣಿ, ಎರಡೂ ಕಡೆ ಹುಟ್ಟು ಹಾಕುವಂಥದ್ದು. ಹೋಗುವಾಗ ಹೊಳೆ ತುಂಬಿತ್ತು. ಅಷ್ಟರಲ್ಲಿ ಇಳಿತ ಶುರುವಾಗಿ ನೀರು ಹೋಯಿತು, ಕುದ್ರುವಿನ, ಅಂದರೆ ಹೊಳೆ ನಡುವಿನ ನಡುಗಡ್ಡೆಯ, ಪಕ್ಕದ ಕೆಸರಲ್ಲಿ ಕಯಾಕ್ ಕೂತುಬಿಟ್ಟಿತು. ನಾವು ದಡದಲ್ಲಿ ನಿಂತು ಏನಾಯಿತೆಂದು ಕೇಳಿದರೆ, ಅವರಲ್ಲೊಬ್ಬ ಮೊಬೈಲು ಎತ್ತಿ ತೋರಿಸಿ ಮ್ಯಾಪಿನಲ್ಲಿ ಇಲ್ಲೆಲ್ಲ ನೀಲಿ ಬಣ್ಣ ಇದೆ ಎಂದ. ಮ್ಯಾಪಿನದೇ ತಪ್ಪು, ಹೊಳೆಯನ್ನು ಸರಿ ಮಾಡಿಸಿ ಎನ್ನುವ ಧಾಟಿ. ಅವನನ್ನು ನೋಡಿ ನಗುವಷ್ಟು ನಕ್ಕು ನಮ್ಮ ರಬ್ಬರ್ ಬೋಟನ್ನು ಇಳಿಸಿದೆವು. ಅದೂ ಅದೇ ಕೆಸರಿನಲ್ಲಿ ಹೂತುಹೋಯಿತು. ಭರತ ಬಂದು ನೀರು ಮತ್ತೆ ಏರುವ ತನಕ ಅವರು ನಾಲ್ವರು, ನಾವು ಮೂವರು ಕೆಸರಿನ ನಡುವೆ ಎದುರುಬದುರು ಕೂತೆವು. ಅವರು ನಮಗೆ ಚಿಪ್ಸ್ ಕೊಟ್ಟರು. ನಾಚಿಕೆ ಬಿಟ್ಟು ತಿಂದೆವು.

ಆ ದಿನ ದಡದಲ್ಲಿ ನಿಂತು ನಮಗೆ ಫೋನಿನಲ್ಲಿ ಮಾರ್ಗದರ್ಶನ ಮಾಡುತ್ತಿದ್ದವರು ನಮ್ಮ ಸಾಹೇಬರು. ಘಟ್ಟದ ಮೇಲಿನವರು. ಕಡಲನ್ನು ಮೊದಲು ಕಂಡದ್ದೇ ಇಲ್ಲಿಗೆ ವರ್ಗವಾಗಿ ಬಂದ ಮೇಲೆ. ಮನುಷ್ಯ ಕೆಟ್ಟವರಲ್ಲ, ಆದರೆ ಹೊಸ ಯಂತ್ರ ಕಂಡರೆ ಬಾಯಲ್ಲಿ ನೀರೂರುತ್ತಿತ್ತು, ಕ್ಯಾಮೆರಾ ಕಂಡರೆ ಅಂಗಿಯ ಗುಂಡಿ ತಾನಾಗಿಯೇ ಬಿಗಿಯಾಗುತ್ತಿತ್ತು. ಯಾರನ್ನೋ ಹಿಡಿದು ಒಂದು ಡ್ರೋನ್ ತರಿಸಿದರು. ಅದರ ಪೂಜೆಗೆ ಒಡೆದ ತೆಂಗಿನಕಾಯಿಯ ಚೂರು ನನಗೂ ಸಿಕ್ಕಿದೆ.

ಆ ಡ್ರೋನಿನ ಚೊಚ್ಚಲ ಕೆಲಸ ಬಂತು. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಒಂದು ಜೋಡಿ ದಡದ ಬಂಡೆ ಹತ್ತಿತ್ತು. ಭರತ ಏರಿ ಸುತ್ತ ನೀರು ನಿಂತು ಇಳಿಯಲಾರದೆ ಕೂತಿತ್ತು. ಸೊಂಟದವರೆಗಿನ ನೀರು, ಹಗ್ಗ ಹಿಡಿದು ನಡೆದು ಹೋದರೆ ಮುಗಿಯುವ ಕೆಲಸ. ಸಾಹೇಬರು ಬಿಡಲಿಲ್ಲ. ಹಗ್ಗವನ್ನು ಡ್ರೋನಿಗೆ ಕಟ್ಟಿ ಹಾರಿಸಿದರು. ಅದು ಬಂಡೆಯ ಹತ್ತಿರ ಹೋಗಿ ಗುಂಯ್ ಎನ್ನುತ್ತಿರುವಾಗ ಎಲ್ಲಿಂದಲೋ ಬಂದ ಗರುಡ ಅದಕ್ಕೆ ಒಂದು ಒದೆ ಕೊಟ್ಟಿತು. ಡ್ರೋನು, ಹಗ್ಗ ಎರಡೂ ಕಡಲ ಪಾಲು. ದಡದಲ್ಲಿದ್ದ ಮುದುಕಿಯರು ಗರುಡನಿಗೆ ಕೈ ಮುಗಿದರು. ನಾನೂ ಮುಗಿದೆ, ಸಾಹೇಬರು ನೋಡಿದರೆ ನೋಡಲಿ ಎಂದು. ಆಮೇಲೆ ನಡೆದು ಹೋಗಿಯೇ ಆ ಜೋಡಿಯನ್ನು ಕರೆತಂದೆವು. ಮದುಮಗಳಿಗೆ ಸೀರೆ ಒದ್ದೆಯಾದದ್ದೇ ದುಃಖ.

ಇದನ್ನೆಲ್ಲ ಕೇಳಿ ಮುದುಕನಿಗೆ ಯಂತ್ರ ಕಂಡರೆ ಆಗುವುದಿಲ್ಲ ಎಂದು ಆ ಇಬ್ಬರು ತಮ್ಮ ತಮ್ಮಲ್ಲೇ ಕಣ್ಣು ಮಿಟುಕಿಸಿದರು. ಹಾಗಲ್ಲ. ನಾವು ಮುಳುಗಿದವರನ್ನು ಪಾತಾಳ ಗರಡಿಯಿಂದ ಹುಡುಕಿದವರು. ಬಾವಿಗೆ ಬಿದ್ದ ಕೊಡಪಾನ ತೆಗೆಯುವ ಆ ಕೊಕ್ಕೆಯ ಗೊಂಚಲನ್ನೇ ದೊಡ್ಡದು ಮಾಡಿ, ಹೊಳೆಯ ತಳದಲ್ಲಿ ಎಳೆಯುತ್ತಾ ಹೋಗುವುದು. ಕೊಕ್ಕೆಗೆ ಏನೋ ಸಿಕ್ಕಾಗ ಕೈಗೆ ಆಗುವ ಆ ಜಗ್ಗು ನನಗೆ ಈಗಲೂ ಬೇಡ. ಮನೆಯವರ ಎದುರಿಗೆ ಎಳೆಯಬೇಕಿತ್ತು. ಈಗ ತಂತಿಗೆ ಕಟ್ಟಿದ ಕ್ಯಾಮೆರಾ ಇಳಿಸಿ ನೋಡುತ್ತಾರೆ, ಮುಳುಗುಗಾರ ನೇರ ಅಲ್ಲಿಗೇ ಇಳಿಯುತ್ತಾನೆ. ಆ ಕ್ಯಾಮೆರಾಕ್ಕೆ ನಾನು ಯಾವತ್ತೂ ಒಂದು ಮಾತು ಅಂದವನಲ್ಲ. ನನ್ನ ತಿರಸ್ಕಾರವೆಲ್ಲ ಯಂತ್ರದ ಹಿಂದೆ ನಿಂತು ಹಲ್ಲು ಕಿರಿಯುವವರ ಮೇಲೆ. ಇನ್ನೊಂದು ಜಾತಿಯ ಜನ ಇದ್ದಾರೆ, ಯಂತ್ರ ಬಂದರೆ ತಮ್ಮ ಗುಟ್ಟು ಬಯಲಾಗುತ್ತದೆಂದು ಅಡ್ಡ ನಿಲ್ಲುವವರು. ಅವರ ಮೇಲೆ ತಿರಸ್ಕಾರ ಎಷ್ಟಿದ್ದರೂ ಸಾಲದು. ಗಿರಿಜಕ್ಕನ ಸಂಗತಿ ಹೇಳಬೇಕಾದ್ದು ಅದಕ್ಕೇ.

ಬೈಂದೂರು ದಾಟಿ ಶಿರೂರಿನ ಕಡೆ ಹೋಗುವಾಗ ಒಂದು ಮೀನುಗಾರರ ಊರು. ಹೆಸರು ಬೇಡ, ನನಗೆ ಅಲ್ಲಿ ಈಗಲೂ ನೆಂಟರಿದ್ದಾರೆ. ದಡದಲ್ಲಿ ನಿಂತರೆ ಕಡಲೊಳಗೆ ಒಂದು ಕಪ್ಪು ಕಲ್ಲು ಕಾಣುತ್ತದೆ. ಆ ಕಲ್ಲಿನ ಮೇಲೆ ಸಿಹಿನೀರಿನ ಒರತೆ ಇದೆ ಎಂದು ಊರಿನ ನಂಬಿಕೆ. ಮಳೆಗಾಲ ಮುಗಿದು ಮೀನುಗಾರಿಕೆ ಶುರುವಾಗುವಾಗ ಊರಿನ ಗುರಿಕಾರ, ಅಂದರೆ ಕೇರಿಯ ಹಿರಿಯ, ದೋಣಿಯಲ್ಲಿ ಅಲ್ಲಿಗೆ ಹೋಗುತ್ತಾನೆ. ಉಳಿದವರು ದೋಣಿಯಲ್ಲೇ ಕೂರಬೇಕು. ಅವನೊಬ್ಬನೇ ಕಲ್ಲು ಹತ್ತಿ, ಆಚೆ ಬದಿಗೆ ಮರೆಯಾಗಿ, ಬಟ್ಟೆ ಸುತ್ತಿದ ತಂಬಿಗೆಯಲ್ಲಿ ನೀರು ತರುತ್ತಾನೆ. ಕಡಲಿಗೆ ಹೋಗುವ ಗಂಡಸು ಇರುವ ಪ್ರತಿ ಮನೆಗೂ ಅದರಲ್ಲಿ ಪಾಲು. ದೋಣಿಗೆ ಚಿಮುಕಿಸಿ, ಉಳಿದದ್ದನ್ನು ಮನೆಯವರು ಕುಡಿಯುತ್ತಾರೆ. ಹೆಂಗಸರು ಆ ಕಲ್ಲಿಗೆ ಹೋಗುವಂತಿಲ್ಲ. ಹೋಗುವುದಾದರೂ ಹೇಗೆ, ದೋಣಿಗಳೆಲ್ಲ ಗಂಡಸರವು.

ಆಗ ಗುರಿಕಾರನಾಗಿದ್ದವನು ಮಂಜಣ್ಣ. ಗಿರಿಜಕ್ಕ ಅವನ ತಮ್ಮನ ಹೆಂಡತಿ. ಅವಳ ಗಂಡ ಜ್ವರ ಏರಿ ಮಲಗಿದ ವರ್ಷ ಕಡಲಿಗೆ ಹೋಗಲಿಲ್ಲ. ಆಸ್ಪತ್ರೆಯಿಂದ ಕಳಿಸಿಬಿಟ್ಟ ಮೇಲೆ ಅವನಿಗೆ ಆ ನೀರಿನ ಆಸೆಯಾಯಿತು. ಗಿರಿಜಕ್ಕ ಲೋಟ ಹಿಡಿದು ಭಾವನ ಮನೆ ಬಾಗಿಲಿಗೆ ಹೋದಳು. ಕಡಲಿಗೆ ಇಳಿಯದ ಮನೆಗೆ ಆ ನೀರಿಲ್ಲ, ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಎಂದು ಮಂಜಣ್ಣ ವಾಪಸು ಕಳಿಸಿದ. ಒಡಹುಟ್ಟಿದ ತಮ್ಮನಿಗೆ. ಅವನು ಆ ಆಸೆಯಲ್ಲೇ ಹೋದ. ಆಮೇಲೆ ಗಂಡಸಿಲ್ಲದ ಮನೆ ಎಂದು ಪಾಲು ಪೂರ್ತಿ ನಿಂತಿತು.

ಇದೆಲ್ಲ ನನಗೆ ತಿಳಿದದ್ದು ನಂತರ. ಆ ದಿನ ಠಾಣೆಗೆ ಬಂದ ಕರೆ ಇಷ್ಟೇ, ಇಬ್ಬರು ಹೆಂಗಸರು ಕಡಲ ಕಲ್ಲಿನಲ್ಲಿ ಸಿಕ್ಕಿಬಿದ್ದಿದ್ದಾರೆ, ಜೀವಕ್ಕೆ ಅಪಾಯ ಇದೆ, ಕೂಡಲೇ ಬನ್ನಿ. ಕರೆ ಮಾಡಿದವನು ಮಂಜಣ್ಣ. ಸಾಹೇಬರಿಗೆ ಹಬ್ಬ. ಕಡಲ ನಡುವೆ ಕಲ್ಲು, ಕಲ್ಲಿನ ಮೇಲೆ ಅಬಲೆಯರು. ಗಾಡಿ ಹೊರಡುವ ಮೊದಲೇ ಪರಿಚಯದ ಚಾನೆಲ್ಲಿನವನಿಗೆ ಫೋನು ಹೋಗಿತ್ತು.

ಚಳಿಗಾಲದ ಶಾಂತ ಕಡಲು. ದಡ ತುಂಬ ಜನ ಸೇರಿದ್ದರು. ಮಂಜಣ್ಣ ಎದೆ ಬಡಿದುಕೊಳ್ಳುವುದು ಒಂದು ಬಾಕಿ. ಒಬ್ಬಳು ನನ್ನ ತಮ್ಮನ ಹೆಂಡತಿ, ಬೇಗ ಹೋಗಿ, ಬೇಗ ಇಳಿಸಿ, ಕಲ್ಲಿನ ಮೇಲೆ ಅತ್ತಿತ್ತ ತಿರುಗಾಡಲು ಬಿಡಬೇಡಿ, ಜಾರುತ್ತದೆ ಎಂದು ನನ್ನ ಕೈ ಹಿಡಿದು ಹೇಳಿದ. ತಮ್ಮನ ಹೆಂಡತಿಯ ಮೇಲೆ ಎಷ್ಟು ಮಮತೆ ಎಂದುಕೊಂಡೆ. ಅಷ್ಟು ವರ್ಷ ಸರ್ವಿಸ್ ಆದ ಮೇಲೂ ಮನುಷ್ಯರ ಮುಖ ಓದಲು ನನಗೆ ಬಂದಿರಲಿಲ್ಲ.

ಠಾಣೆಯ ಇಬ್ಬರು ಹುಡುಗರನ್ನು ಕರೆದುಕೊಂಡು ರಬ್ಬರ್ ಬೋಟಿನಲ್ಲಿ ಹೊರಟೆ. ಕಲ್ಲಿನ ಒಳಬದಿಯಲ್ಲಿ, ಅಲೆ ಬಡಿಯದ ಕಡೆ, ಕಿತ್ತಳೆ ಬಣ್ಣದ ಕಯಾಕನ್ನು ಹಗ್ಗ ಹಾಕಿ ಅಚ್ಚುಕಟ್ಟಾಗಿ ಕಟ್ಟಿದ್ದರು. ಸಿಕ್ಕಿಬಿದ್ದವರು ಹಾಗೆ ಕಟ್ಟುವುದಿಲ್ಲ. ಮೇಲೆ ಗಿರಿಜಕ್ಕ ಮತ್ತು ಅವಳ ನೆರೆಮನೆಯ ಶಾರದಕ್ಕ ಲೈಫ್ ಜಾಕೆಟ್ ಹಾಕಿಕೊಂಡೇ ಕೂತಿದ್ದರು. ಶಾರದಕ್ಕ ಡಬ್ಬಿ ಬಿಚ್ಚಿ ಅವಲಕ್ಕಿ ತಿನ್ನುತ್ತಿದ್ದಳು.

"ಹ್ವಾಯ್, ನಿಮ್ಮನ್ನ ಯಾರ್ ಕರ್ದದ್?" ಎಂದು ಗಿರಿಜಕ್ಕ ಮೇಲಿನಿಂದಲೇ ಕೇಳಿದಳು.

ನಾನು ಮಂಜಣ್ಣನ ಹೆಸರು ಹೇಳಿದೆ. ಅವಳು ಶಾರದಕ್ಕನ ಕಡೆ ನೋಡಿದಳು.

ವಿಚಾರ ಹೀಗಿತ್ತು. ಆ ಊರಿನ ಹೊಳೆಬಾಯಲ್ಲಿ ಯಾರೋ ಪ್ರವಾಸಿಗರಿಗೆಂದು ಕಯಾಕ್ ಬಾಡಿಗೆಗೆ ಇಟ್ಟಿದ್ದರು. ಜಾಕೆಟ್ ತೊಳೆದು ಒಣಗಿಸುವುದು, ಬಂದವರಿಗೆ ಊಟ ಬಡಿಸುವುದು ಈ ಇಬ್ಬರ ಕೆಲಸ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಇಬ್ಬರೂ ಹೊಳೆಯಲ್ಲೇ ಹುಟ್ಟು ಹಾಕಿ ಹಾಕಿ ಕಲಿತರು. ಗಾಳಿ ಯಾವಾಗ ಏಳುತ್ತದೆ, ಅಲೆ ಎಷ್ಟು ಎತ್ತರ ಎಂದು ಮೊಬೈಲಿನಲ್ಲಿ ನೋಡುವುದನ್ನು ಅಲ್ಲಿಯೇ ಕಲಿತರು. ಮಾಲೀಕನಿಗೆ ಹೇಳಿ, ಕಡಲು ಮಲಗಿದ ಬೆಳಿಗ್ಗೆ ನೋಡಿ, ಹೊರಟು ಬಂದಿದ್ದರು. ನಾನು ಇಷ್ಟು ಹೊತ್ತು ಬೈದ ಅದೇ ಪ್ಲಾಸ್ಟಿಕ್ ದೋಣಿ, ಅದೇ ಮೊಬೈಲು. ಊರಿನ ಮರದ ದೋಣಿಗಳು ತಲೆತಲಾಂತರದಿಂದ ಹೆಂಗಸರನ್ನು ಹತ್ತಿಸಿಕೊಳ್ಳಲಿಲ್ಲ. ಪ್ಲಾಸ್ಟಿಕ್ಕಿನದು ನೀನು ಗಂಡಸೋ ಹೆಂಗಸೋ ಎಂದು ಕೇಳಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಇಷ್ಟವಿಲ್ಲ, ಆದರೂ ಒಪ್ಪಿಕೊಳ್ಳುತ್ತೇನೆ.

ನಾನು ಬೋಟಿನಿಂದ ಇಳಿದು ಕಲ್ಲು ಹತ್ತಿದೆ. ಗಿರಿಜಕ್ಕನ ಕಾಲ ಬಳಿ ಒಂದು ಖಾಲಿ ಬಾಟ್ಲಿ ಇತ್ತು. ನೀರಿಗೆ ಬಂದದ್ದೆಂದೂ, ಗಂಡನ ತಿಥಿ ಹತ್ತಿರ ಬಂತು, ಅದಕ್ಕೆ ಈ ನೀರು ಇಡಬೇಕೆಂದೂ ಹೇಳಿದಳು. ಬಾಗಿಲಲ್ಲಿ ಲೋಟ ಹಿಡಿದು ನಿಂತ ಕಥೆಯನ್ನೂ ಆಗಲೇ ಹೇಳಿದ್ದು. ಹೇಳುವಾಗ ಅವಳು ಅಳಲಿಲ್ಲ. ಒರತೆ ಎಲ್ಲಿದೆ ಎಂದು ಕೇಳಿದೆ.

"ಎಲ್ಲೂ ಇಲ್ಲೆ. ಮೂಲಿ ಮೂಲಿ ಕಂಡೆ ಅಣ್ಣ. ಹಕ್ಕಿ ಹೇಲ್ ಬಿಟ್ರೆ ಎಂತದೂ ಇಲ್ಲೆ."

ನಾನೂ ಸುತ್ತು ಹಾಕಿದೆ. ಒಡೆದ ಚಿಪ್ಪು, ಬಿಸಿಲಿಗೆ ಕಾದ ಕಲ್ಲು, ಒಂದು ಬಿರುಕಿನಲ್ಲಿ ಅಲೆ ಹಾರಿ ನಿಂತ ಉಪ್ಪುನೀರು. ಶಾರದಕ್ಕ ಅದನ್ನೂ ನೆಕ್ಕಿ ನೋಡಿ ಉಗಿದಿದ್ದಳಂತೆ. ಆಗ ನನಗೆ ಮಂಜಣ್ಣನ ಮಮತೆ ಅರ್ಥವಾಯಿತು. ಬಟ್ಟೆ ಸುತ್ತಿದ ತಂಬಿಗೆ ಹೋಗುವಾಗಲೇ ತುಂಬಿರುತ್ತಿತ್ತು. ಅವನ ಅಪ್ಪನ ಕಾಲದಿಂದಲೋ, ಅಜ್ಜನ ಕಾಲದಿಂದಲೋ, ಒಂದು ಮನೆ ಇಡೀ ಊರಿಗೆ ನೀರು ಕುಡಿಸುತ್ತಾ ಬಂದಿತ್ತು. ಅಲೆಗೆ ಎದೆ ಕೊಡುವ ಗಂಡಸರೆಲ್ಲ ದೋಣಿಯಲ್ಲಿ ಕೈ ಕಟ್ಟಿ ಕೂತು ನಂಬಿದರು. ಕಲ್ಲಿನ ಆಚೆ ಬದಿಗೆ ಇಣುಕಿ ನೋಡುವ ಧೈರ್ಯ ಒಬ್ಬನಿಗೂ ಬರಲಿಲ್ಲ. ಇವರಿಗೆಲ್ಲ ಕಡಲಿನ ಮಕ್ಕಳು ಎಂದು ಬಿರುದು ಬೇರೆ.

ಗಿರಿಜಕ್ಕನಿಗೆ ಅದು ನನಗಿಂತ ಮೊದಲೇ ಹೊಳೆದಿತ್ತು. ಅವಳು ಮೆಲ್ಲಗೆ ಹೇಳಿದಳು:

"ಅವ್ರ್ ಕೊಡ್ತಿದ್ದದ್ ಮನಿ ಬಾವಿ ನೀರ್ ಅಲ್ದಾ ಅಣ್ಣ. ಬಾವಿ ನೀರನ್ನೂ ನನ್ ಗಂಡಂಗೆ ಕೊಡ್ಲಿಲ್ಲ."

ಸರ್ವಿಸಿನಲ್ಲಿ ಎಷ್ಟೋ ಹೆಣ ಎತ್ತಿದ್ದೇನೆ, ಎಷ್ಟೋ ತಾಯಂದಿರ ಬೊಬ್ಬೆ ಕೇಳಿದ್ದೇನೆ. ಈ ಹೆಂಗಸು ಸಣ್ಣ ದನಿಯಲ್ಲಿ ಹೇಳಿದ ಈ ಒಂದು ಮಾತಿಗೆ ಬಂದಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ.

ಅಷ್ಟರಲ್ಲಿ ಸಾಹೇಬರ ಫೋನು. ಚಾನೆಲ್ಲಿನವರು ಬಂದಿದ್ದಾರೆ, ಇಬ್ಬರನ್ನೂ ನಮ್ಮ ಬೋಟಿನಲ್ಲಿ ಮುಂದೆ ಕೂರಿಸಿ, ಹೊದಿಕೆ ಹೊದಿಸಿ ತನ್ನಿ ಎಂದರು. ಅವರು ಆರಾಮಾಗಿದ್ದಾರೆ, ತಾವೇ ಬರುತ್ತಾರಂತೆ ಎಂದೆ. ಆರಾಮಾಗಿದ್ದರೂ ಅಡ್ಡಿಯಿಲ್ಲ, ಹೊದಿಕೆ ಹೊದಿಸಿ ಎಂದರು. ನಾನು ಗಿರಿಜಕ್ಕನಿಗೆ ಬೋಟಿಗೆ ಬರುತ್ತೀರಾ ಎಂದು ಕೇಳಿದೆ, ಕೇಳುವುದು ನನ್ನ ಕರ್ತವ್ಯ.

"ನಾ ನಿಮ್ ಬೋಟಿಗೆ ಹತ್ತೂದಿಲ್ಲ. ಹತ್ತಿದ್ರೆ ನಾಳಿಕೆ ಊರಲ್ಲೆಲ್ಲ ನಮ್ಮನ್ನ ಎತ್ಕಂಡ್ ಬಂದ್ರ್ ಅಂತೇಳ್ತ್ರ್. ಮತ್ತ್ ಒಬ್ಳ್ ಹೆಂಗ್ಸನ್ನೂ ನೀರಿಗ್ ಬಿಡೂದಿಲ್ಲ. ಹುಟ್ ಹಾಕ್ಕಂಡ್ ಬಂದವ್ಳ್ ಹುಟ್ ಹಾಕ್ಕಂಡೇ ಹೋತೆ."

ಅವಳು ಹೇಳಿದ್ದು ಸರಿಯಾಗಿತ್ತು. ಕಯಾಕಿನ ಕೆಲಸ ಆ ಇಬ್ಬರ ಅನ್ನ. ಮಂಜಣ್ಣ ಊರು ಸೇರಿಸಿ, ನೋಡಿ ಹೆಂಗಸರು ಮುಳುಗುತ್ತಿದ್ದರು ಎಂದು ಒಂದು ಮಾತು ಹೇಳಿದರೆ ಆ ಕಯಾಕುಗಳೆಲ್ಲ ಮಾರನೇ ದಿನವೇ ಲಾರಿ ಏರುತ್ತಿದ್ದವು. ನಾನು ಫೋನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿದೆ. ಸಾಹೇಬರು ಚೀಲದೊಳಗಿನಿಂದ ಎಷ್ಟು ಬೇಕಾದರೂ ಕೂಗಲಿ. ಹುಡುಗರಿಗೆ ಹೇಳಿದೆ, ಬೋಟು ಅವರ ಹಿಂದೆ ಇರಲಿ, ಮುಂದೆ ಹೋಗಕೂಡದು, ಪಕ್ಕಕ್ಕೂ ಬೇಡ.

ಆ ಇಬ್ಬರು ಹೆಂಗಸರು ಕಯಾಕ್ ಇಳಿಸಿ ಕೂತರು. ಹಿಂದೆ ಗಿರಿಜಕ್ಕ, ಮುಂದೆ ಶಾರದಕ್ಕ. ದಡಕ್ಕೆ ಬರುವಾಗ ಕಡಲ ಕಡೆಯಿಂದ ಪಡುಗಾಳಿ ಏಳತೊಡಗಿತ್ತು. ಕೊನೆಯ ಅಲೆಗಳೇ ಕಷ್ಟ. ಮಗುಚಿದರೆ ಎಲ್ಲ ಮುಗಿಯಿತು. ಒಂದು ಅಲೆ ಅವರನ್ನು ಅಡ್ಡ ತಿರುಗಿಸಿತು. ಗಿರಿಜಕ್ಕ ಹುಟ್ಟನ್ನು ನೀರಿಗೆ ಒತ್ತಿ ಹಿಡಿದು ಕಯಾಕಿನ ಮೂತಿಯನ್ನು ನೇರ ಮಾಡಿದಳು, ಮುಂದಿನ ಅಲೆಯೇ ಅವರನ್ನು ಮರಳಿನ ಮೇಲೆ ತಂದು ಬಿಟ್ಟಿತು. ಸೀರೆಯ ಸೆರಗು ಹಿಂಡಿಕೊಳ್ಳುತ್ತಾ ಎದ್ದು ನಿಂತಳು. ಚಾನೆಲ್ಲಿನ ಹುಡುಗ ಕ್ಯಾಮೆರಾ ಇಳಿಸಿ ಸಾಹೇಬರ ಮುಖ ನೋಡಿದ. ಅವನಿಗೆ ಬೇಕಾದದ್ದು ಇಲ್ಲಿ ಏನೂ ಇರಲಿಲ್ಲ. ಸಾಹೇಬರು ನನ್ನ ಕಡೆ ನೋಡಿದ ನೋಟದ ಫಲವನ್ನು ನಿವೃತ್ತಿಯ ತನಕ ಉಂಡೆ, ಬೇಸರವಿಲ್ಲ.

ಜನ ಮುತ್ತಿದರು. ಒಬ್ಬ ಮುದುಕಿ ಗಿರಿಜಕ್ಕನ ಕೈ ಹಿಡಿದು ಒರತೆ ಕಂಡೆಯಾ, ನೀರು ತಂದೆಯಾ ಎಂದು ಕೇಳಿದಳು. ಗಿರಿಜಕ್ಕ ಇಲ್ಲ ಎಂದು ತಲೆ ಆಡಿಸಿದಳು. ಅವಳು ಬಾಯಿ ತೆರೆಯುವ ಮೊದಲೇ ಮಂಜಣ್ಣ ಮುಂದೆ ಬಂದ.

"ಹೆಂಗ್ಸ್ರ್ ಕಾಲಿಟ್ಟ್ ಕಲ್ಲಲ್ಲಿ ಒರತಿ ಎಲ್ಲಿರತ್ತ್? ಬತ್ತಿ ಹೋಯ್ತ್. ಊರಿನ್ ನೀರ್ ಕಳ್ದಳ್ ಇವ್ಳ್," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಆಹಾ, ಎಂಥ ತಲೆ. ಅಲ್ಲಿಯ ತನಕ ಬೆವರು ಒರೆಸಿಕೊಳ್ಳುತ್ತಿದ್ದವನು ಎರಡು ಮಾತಿನಲ್ಲಿ ತಾನು ಪಾರಾಗಿ ಅವಳನ್ನು ಮುಳುಗಿಸಿದ. ಜನರೂ ಅಷ್ಟೇ, ಹೌದು ಹೌದು ಎಂದು ತಲೆ ಆಡಿಸತೊಡಗಿದರು. ದೋಣಿಯಲ್ಲಿ ಕೈ ಕಟ್ಟಿ ಕೂತು ಅಭ್ಯಾಸವಾದ ತಲೆಗಳು. ಕಲ್ಲಿನ ಮೇಲೆ ಒರತೆಯ ಗುರುತೂ ಇಲ್ಲ, ಯಾವ ಕಾಲಕ್ಕೂ ಇದ್ದದ್ದಲ್ಲ ಎಂದು ನಾನು ಕೂಗಿ ಹೇಳಲು ಹೊರಟೆ. ಗಿರಿಜಕ್ಕ ನನ್ನ ಕಡೆ ಕೈ ಎತ್ತಿ ತಡೆದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಸುಸ್ತು ಇತ್ತು.

"ಹೌದಾ ಭಾವ? ಬತ್ತಿದ್ರೆ ಬತ್ತಲಿ. ಇನ್ನ್ ಮೇಲೆ ಊರಲ್ಲಿ ಎಲ್ಲರ ಮನಿಯೂ ನನ್ ಮನಿ ಹಾಂಗೇ. ನೀವ್ ಸಹ ತಂಬ್ಗಿ ಹಿಡ್ಕಂಡ್ ಅಷ್ಟ್ ದೂರ ಹೋಪುದ್ ಬ್ಯಾಡ."

ಮಂಜಣ್ಣ ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದ. ಬತ್ತಿಲ್ಲ ಎನ್ನುವಂತಿಲ್ಲ, ಬತ್ತಿದೆ ಎಂದರೆ ಗುರಿಕಾರಿಕೆಗೆ ಉಳಿದದ್ದೇನು. ಆ ಗುಂಪಿನಲ್ಲಿ ಮೊದಲು ನಕ್ಕವಳು ಮಂಜಣ್ಣನ ಹೆಂಡತಿ. ಅವರ ಮನೆಯ ಬಾವಿಯಿಂದ ನೀರು ಸೇದುತ್ತಿದ್ದವಳು ಅವಳೇ ತಾನೆ.